ಕರ್ನಲ್ ಲ್ಯಾಂಬ್ಟನ್ ಮತ್ತು ದುರ್ಬೀನಿನ ಕಣ್ಣು

ನಮ್ಮ ಪ್ರೌಢಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಮಹನೀಯರೊಬ್ಬರ ಜೀವನಚಿತ್ರ ಬರೆದುಕೊಡಿ ಎಂದು ಸಮಿತಿಯವರು ಕೇಳಿದಾಗ ನಾನು ಕೂಡಲೇ ಒಪ್ಪಿಕೊಂಡೆ. ಯಾರ ಬಗ್ಗೆ ಬರೆಯುತ್ತೀರಿ ಎಂದು ಕೇಳಿದಾಗ ಕರ್ನಲ್ ವಿಲಿಯಂ ಲ್ಯಾಂಬ್ಟನ್ ಎಂದೆ. ಸಮಿತಿಯ ಹಿರಿಯರ ಮುಖ ಸ್ವಲ್ಪ ಬಾಡಿತು. ಊರಿನವರೋ ನಾಡಿನವರೋ ಆಗಿದ್ದರೆ ಒಳ್ಳೆಯದಿತ್ತು ಎಂದು ಅವರ ಮನಸ್ಸಿನಲ್ಲಿ ಇದ್ದಿರಬೇಕು. ಆದರೆ ಕಪಾಟಿನೊಳಗೆ ಕೂತಿರುವ ನಮ್ಮ ಶಾಲೆಯ ದುರ್ಬೀನನ್ನು ನೆನೆದಾಗಲೆಲ್ಲ ನನಗೆ ನೆನಪಾಗುವ ಹೆಸರು ಅದೊಂದೇ. ಏಕೆಂದು ಹೇಳಬೇಕಾದರೆ ಮೊದಲು ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು.

ಮುಂಬೈಯಲ್ಲಿ ಹೋಟೆಲ್ ನಡೆಸುತ್ತಿದ್ದ ನಮ್ಮ ಹಳೆ ವಿದ್ಯಾರ್ಥಿಯೊಬ್ಬರು ಹಲವು ವರ್ಷಗಳ ಹಿಂದೆ ಶಾಲೆಗೆ ಒಂದು ದೂರದರ್ಶಕ ಕೊಡಿಸಿದ್ದು ಆ ಕಾಲದವರಿಗೆ ನೆನಪಿರಬಹುದು. 114 ಮಿಲಿಮೀಟರ್ ಅಗಲದ ಕನ್ನಡಿ, 900 ಮಿಲಿಮೀಟರ್ ಸಂಗಮದೂರ. ಪೆಟ್ಟಿಗೆಯ ಮೇಲೆ 450 ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂದು ಕೊರೆದಷ್ಟು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಆ ವರ್ಷದ ವಾರ್ಷಿಕೋತ್ಸವದ ರಾತ್ರಿ ಯಕ್ಷಗಾನ ಶುರುವಾಗುವ ಮೊದಲು ಊರವರಿಗೆಲ್ಲ ಚಂದ್ರನನ್ನು ತೋರಿಸುತ್ತೇನೆಂದು ನಾನು ಧ್ವನಿವರ್ಧಕದಲ್ಲಿ ಘೋಷಿಸಿಬಿಟ್ಟೆ. ದೊಡ್ಡದಾಗಿ ಕಂಡರೆ ಒಳ್ಳೆಯದಲ್ಲವೇ ಎಂದು ಪೆಟ್ಟಿಗೆಯಲ್ಲಿದ್ದ ಅತಿ ಸಣ್ಣ ಐಪೀಸನ್ನೇ ಹಾಕಿದೆ, ಅದರ ಹಿಂದೆ ಮೂರು ಪಟ್ಟು ಹಿಗ್ಗಿಸುವ ಬಾರ್ಲೋ ಮಸೂರವನ್ನೂ ಸೇರಿಸಿದೆ. ಸಾಲಾಗಿ ನಿಂತು ಕಣ್ಣಿಟ್ಟ ಅರವತ್ತು ಎಪ್ಪತ್ತು ಮಂದಿಗೆ ಕಂಡದ್ದು ನಡುಗುವ ಬೂದಿ ಬಣ್ಣದ ಮಬ್ಬು ಮಾತ್ರ. ದುರ್ಬೀನಿಗೆ ಪೊರೆ ಬಂದಿದೆ ಎಂದು ಯಾರೋ ಹೇಳಿದರು, ಎಲ್ಲರೂ ನಕ್ಕರು. ಮರುದಿನ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದವನು ನಾನೇ. ಮುಂದೆ ಹತ್ತು ವರ್ಷ ಅದು ಅಲ್ಲಿಂದ ಹೊರಬರಲಿಲ್ಲ. ದುರ್ಬೀನಿನಲ್ಲಿ ಏನೂ ದೋಷವಿರಲಿಲ್ಲ. ಅದಕ್ಕೆ ತಕ್ಕ ಕಣ್ಣನ್ನು ನಾನು ಜೋಡಿಸಿರಲಿಲ್ಲ, ಅಷ್ಟೇ. ಇದು ನನಗೆ ತಿಳಿದದ್ದು ಲ್ಯಾಂಬ್ಟನ್ನರ ಕಥೆಯನ್ನು ಓದುತ್ತಾ ಹೋದಾಗ.

ಈಗ ಅವರ ವಿಷಯಕ್ಕೆ ಬರುತ್ತೇನೆ.

ವಿಲಿಯಂ ಲ್ಯಾಂಬ್ಟನ್ ಹುಟ್ಟಿದ್ದು ಹದಿನೆಂಟನೇ ಶತಮಾನದ ನಡುವಿನಲ್ಲಿ, ಇಂಗ್ಲೆಂಡಿನ ಯಾರ್ಕ್‌ಶೈರ್ ಪ್ರಾಂತದ ನಾರ್ತಲರ್ಟನ್ ಎಂಬ ಪೇಟೆಯ ಹತ್ತಿರದ ಹಳ್ಳಿಯಲ್ಲಿ. ಬಡ ಮನೆತನ. ಗಣಿತದಲ್ಲಿ ಚುರುಕಾಗಿದ್ದ ಹುಡುಗನನ್ನು ಯಾರೋ ಗುರುತಿಸಿ ಊರಿನ ಶಾಲೆಯಲ್ಲಿ ಓದಿಸಿದರು. ನಮ್ಮ ಶಾಲೆಯ ದಾಖಲಾತಿ ಪುಸ್ತಕ ತಿರುವಿದರೆ ಇಂಥ ಮಕ್ಕಳ ಹೆಸರು ಎಷ್ಟು ಬೇಕಾದರೂ ಸಿಗುತ್ತದೆ. ಮುಂದೆ ಅವರು ಸೈನ್ಯ ಸೇರಿ ಅಮೆರಿಕದ ಯುದ್ಧಕ್ಕೆ ಹೋದರು. ಯುದ್ಧ ಮುಗಿದ ಮೇಲೆ ಹಲವು ವರ್ಷ ಕೆನಡಾದ ನ್ಯೂ ಬ್ರನ್ಸ್‌ವಿಕ್‌ನಲ್ಲಿ ಸೈನಿಕರ ವಸತಿ ನೋಡಿಕೊಳ್ಳುವ ಸಾಮಾನ್ಯ ಅಧಿಕಾರಿಯಾಗಿದ್ದರು. ಅಲ್ಲಿನ ಚಳಿಗಾಲದ ಉದ್ದದ ರಾತ್ರಿಗಳಲ್ಲಿ ಗಣಿತ ಮತ್ತು ಖಗೋಳದ ಪುಸ್ತಕಗಳನ್ನು ತಾವೇ ಓದಿಕೊಂಡರು. ಹೇಳಿಕೊಡುವವರು ಯಾರೂ ಇರಲಿಲ್ಲ.

ಅಲ್ಲಿದ್ದಾಗಲೇ ಒಂದು ಅನಾಹುತವಾಯಿತು. ಸೂರ್ಯಗ್ರಹಣವನ್ನು ಸರಿಯಾದ ರಕ್ಷಣೆಯಿಲ್ಲದೆ ದುರ್ಬೀನಿನಿಂದ ನೋಡಿ ಒಂದು ಕಣ್ಣಿನ ದೃಷ್ಟಿ ಕೆಟ್ಟುಹೋಯಿತು. 2019ರ ಡಿಸೆಂಬರ್ 26ರ ಬೆಳಿಗ್ಗೆ ಕರಾವಳಿಯಲ್ಲಿ ಗ್ರಹಣ ಕಂಡಾಗ ಶಾಲಾ ಅಂಗಳದಲ್ಲಿ ನಾನು ಮಕ್ಕಳಿಗೆ ಹೇಳಿದ್ದು ಈ ಕಥೆಯನ್ನೇ. ಸೂರ್ಯನ ಕಡೆಗೆ ತಿರುಗಿಸಿದ ದುರ್ಬೀನು ನಾವು ಹುಡುಗರಿದ್ದಾಗ ಕಾಗದ ಸುಡುತ್ತಿದ್ದ ಭೂತಗನ್ನಡಿಯ ಅಣ್ಣ. ಆದರೆ ಲ್ಯಾಂಬ್ಟನ್ನರ ವಿಷಯದಲ್ಲಿ ಒಂದು ವಿಚಿತ್ರವಿದೆ. ಮುಂದೆ ಅವರು ಹಿಡಿದ ಕೆಲಸಕ್ಕೆ ಬೇಕಾದದ್ದು ಒಂದೇ ಕಣ್ಣು. ಐಪೀಸಿಗೆ ಎರಡು ಕಣ್ಣು ಇಡಲು ಯಾರಿಗೂ ಆಗುವುದಿಲ್ಲ.

ನಲವತ್ತು ದಾಟಿದ ಮೇಲೆ ಅವರು ತಮ್ಮ ರೆಜಿಮೆಂಟಿನೊಂದಿಗೆ ಭಾರತಕ್ಕೆ ಬಂದರು. ಆ ರೆಜಿಮೆಂಟಿನ ಮುಖ್ಯಸ್ಥ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು. 1799ರಲ್ಲಿ ಟಿಪ್ಪು ಸುಲ್ತಾನನ ವಿರುದ್ಧದ ಕೊನೆಯ ಯುದ್ಧಕ್ಕೆ ಹೊರಟ ಸೈನ್ಯದಲ್ಲಿ ಲ್ಯಾಂಬ್ಟನ್ ಇದ್ದರು. ಏಪ್ರಿಲಿನ ಒಂದು ರಾತ್ರಿ ಜನರಲ್ ಬೇರ್ಡ್ ಒಂದು ಪಡೆಯೊಂದಿಗೆ ಶ್ರೀರಂಗಪಟ್ಟಣದ ಹೊರಗಿನ ತೋಪೊಂದನ್ನು ಶೋಧಿಸಲು ಹೋಗಿ, ಹಿಂದಿರುಗುವಾಗ ಕತ್ತಲಲ್ಲಿ ದಾರಿ ತಪ್ಪಿದ. ಜೊತೆಗಿದ್ದ ಲ್ಯಾಂಬ್ಟನ್ ತಲೆಯೆತ್ತಿ ನಕ್ಷತ್ರಗಳನ್ನು ನೋಡಿದರು. ದಕ್ಷಿಣಕ್ಕೆ ಹೋಗಬೇಕಾದ ಪಡೆ ಉತ್ತರಕ್ಕೆ, ಅಂದರೆ ಶತ್ರುವಿನ ಕಡೆಗೇ ನಡೆಯುತ್ತಿದೆ ಎಂದು ಎಚ್ಚರಿಸಿದರು. ಬೇರ್ಡ್ ಮೊದಲು ನಂಬಲಿಲ್ಲ. ಬೆಳಕು ತರಿಸಿ ಕಿಸೆಯ ದಿಕ್ಸೂಚಿ ನೋಡಿದಾಗ ನಕ್ಷತ್ರಗಳ ಮಾತೇ ಸರಿ ಎಂದಾಯಿತು. ಆಕಾಶ ಓದಲು ಬರುವ ಅಧಿಕಾರಿ ಎಂಬ ಹೆಸರು ಲ್ಯಾಂಬ್ಟನ್ನರಿಗೆ ಬಂದದ್ದು ಅಂದಿನಿಂದ.

ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನಮ್ಮ ಕೆನರಾ ಜಿಲ್ಲೆಯೂ ಕಂಪನಿಯ ಕೈಸೇರಿತು, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ. ಗೆದ್ದ ನೆಲ ಎಷ್ಟು, ಎಲ್ಲಿಂದ ಎಲ್ಲಿಗೆ ಎಂಬುದು ಗೆದ್ದವರಿಗೇ ಸರಿಯಾಗಿ ತಿಳಿದಿರಲಿಲ್ಲ. ಕಾಲಿನ್ ಮೆಕೆಂಜಿ ಮೈಸೂರಿನ ಊರು, ಕೆರೆ, ಗಡಿಗಳ ಸರ್ವೆಗೆ ಹೊರಟ. ಲ್ಯಾಂಬ್ಟನ್ ಮುಂದಿಟ್ಟ ಯೋಜನೆಯೇ ಬೇರೆ. ಮದ್ರಾಸಿನ ಕಡಲಿನಿಂದ ನಮ್ಮ ಕಡಲಿನವರೆಗೆ ಇಡೀ ಪರ್ಯಾಯದ್ವೀಪವನ್ನು ತ್ರಿಕೋನಗಳಿಂದ ಕಟ್ಟಬೇಕು, ಪ್ರತಿಯೊಂದು ಬೆಟ್ಟದ ಸ್ಥಾನವನ್ನೂ ಲೆಕ್ಕದಿಂದ ನಿಲ್ಲಿಸಬೇಕು, ಹಾಗೆಯೇ ಭೂಮಿಯ ಆಕಾರ ನಿಜಕ್ಕೂ ಎಂಥದು ಎಂದು ಕಂಡುಕೊಳ್ಳಬೇಕು. ವೆಲ್ಲೆಸ್ಲಿ ಬೆಂಬಲಿಸಿದ, ಒಪ್ಪಿಗೆ ಸಿಕ್ಕಿತು. ಇದೆಲ್ಲ ಕಂಪನಿಯ ಕಂದಾಯಕ್ಕೂ ಫಿರಂಗಿಗಳ ದಾರಿಗೂ ಉಪಯೋಗವಾಗುವ ಕೆಲಸವೆಂಬುದನ್ನು ಮರೆಯಬಾರದು. ಆದರೆ ಲ್ಯಾಂಬ್ಟನ್ನರ ಆಸೆ ಕಂದಾಯದ್ದಾಗಿರಲಿಲ್ಲ. ಅವರಿಗೆ ಬೇಕಿದ್ದದ್ದು ಭೂಮಿಯ ಅಳತೆ.

ಖರ್ಚು ನೋಡಿ ಗೊಣಗಿದವರೂ ಇದ್ದರು. ಮದ್ರಾಸಿನ ಹಣಕಾಸಿನ ಸಮಿತಿಯ ಸದಸ್ಯನೊಬ್ಬನ ಮಾತು ಪ್ರಸಿದ್ಧ. ಶ್ರೀರಂಗಪಟ್ಟಣಕ್ಕೆ ಹೋಗಬೇಕಾದವನು ಪಲ್ಲಕ್ಕಿ ಹೊರುವವರ ಮುಖಂಡನಿಗೆ ಹೇಳಿದರೆ ಸಾಕು, ಲ್ಯಾಂಬ್ಟನ್ನನ ನಕ್ಷೆಯಿಲ್ಲದೆಯೂ ಆತ ಕರೆದುಕೊಂಡು ಹೋಗಿ ಮುಟ್ಟಿಸುತ್ತಾನೆ ಎಂಬುದು ಅವನ ವಾದ. ವಿಜ್ಞಾನದ ಕೊಠಡಿಗೆ ದುಡ್ಡು ಕೇಳಿದಾಗ ನನಗೂ ಇಂಥ ವಾದ ಬೇರೆ ಬೇರೆ ರೂಪದಲ್ಲಿ ಎದುರಾಗಿದೆ.

ಕೆಲಸದ ರೀತಿ ಕೇಳಲು ಸುಲಭ. ತ್ರಿಕೋನದ ಒಂದು ಬದಿಯ ಉದ್ದ ಮತ್ತು ಎರಡು ಕೋನ ಗೊತ್ತಿದ್ದರೆ ಉಳಿದೆರಡು ಬದಿಗಳನ್ನು ಲೆಕ್ಕದಿಂದ ತೆಗೆಯಬಹುದು ಎಂದು ಹೈಸ್ಕೂಲಿನಲ್ಲೇ ಕಲಿತಿದ್ದೇವೆ. ನೆಲದ ಮೇಲೆ ಒಂದೇ ಒಂದು ಗೆರೆಯನ್ನು ಸರಪಳಿ ಹಿಡಿದು ಅಳೆದರೆ ಸಾಕು. ಆಮೇಲೆ ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನಿನಿಂದ ಕೋನ ಅಳೆಯುತ್ತಾ ಘಟ್ಟ ಇಳಿದು ಕಡಲ ತೀರದವರೆಗೆ ಬರಬಹುದು. ಕಷ್ಟವಿರುವುದು ನಿಖರತೆಯಲ್ಲಿ. ಮೊದಲ ಗೆರೆಯಲ್ಲಿ ಆದ ತಪ್ಪು ಪ್ರತಿ ತ್ರಿಕೋನದಲ್ಲೂ ಬೆನ್ನು ಹತ್ತಿ ಬರುತ್ತದೆ.

ಆ ಮೊದಲ ಗೆರೆ ಎಳೆದದ್ದು 1800ರಲ್ಲಿ, ಬೆಂಗಳೂರಿನ ಹೊರವಲಯದ ಬಯಲಿನಲ್ಲಿ. ಉದ್ದ ಏಳು ಮೈಲಿಗೂ ಹೆಚ್ಚು. ಅಳೆದ ಉಕ್ಕಿನ ಸರಪಳಿ 100 ಅಡಿಯದು, ಎರಡೂವರೆ ಅಡಿಯ 40 ಕೊಂಡಿಗಳು. ಅದರ ಚರಿತ್ರೆಯೇ ಒಂದು ಕಥೆ. ಲಂಡನ್ನಿನ ಹೆಸರಾಂತ ಉಪಕರಣ ತಯಾರಕ ಜೆಸ್ಸಿ ರಾಮ್ಸ್‌ಡೆನ್ ಮಾಡಿದ ಈ ಸರಪಳಿಯನ್ನೂ, ನೆತ್ತಿಯ ಮೇಲಿನ ನಕ್ಷತ್ರಗಳ ಕೋನ ಅಳೆಯುವ ಇನ್ನೊಂದು ಉಪಕರಣವನ್ನೂ 1793ರಲ್ಲಿ ಮೆಕಾರ್ಟ್ನಿಯ ರಾಯಭಾರ ತಂಡ ಚೀನಾದ ಚಕ್ರವರ್ತಿಗೆ ಕಾಣಿಕೆಯಾಗಿ ಒಯ್ದಿತ್ತು. ಚಕ್ರವರ್ತಿಗೆ ಅವು ಬೇಡವಾದವು. ತಂಡದ ವಿಜ್ಞಾನಿ ಡಿನ್‌ವಿಡ್ಡಿ ಅವನ್ನು ಕಲ್ಕತ್ತೆಗೆ ತಂದ, ಅಲ್ಲಿಂದ ಲ್ಯಾಂಬ್ಟನ್ನರ ಕೈಗೆ ಬಂದವು. ಅರಮನೆಗೆ ಬೇಡವಾದ ಸರಪಳಿ ನಮ್ಮ ನಾಡಿನ ಹೊಲಗಳಲ್ಲಿ ಮಲಗಿ ಎದ್ದು ಮುನ್ನೂರೈವತ್ತಕ್ಕೂ ಹೆಚ್ಚು ಸಲ ಮುಂದೆ ಸಾಗಿತು.

ಸರಪಳಿಯ ಪಕ್ಕದಲ್ಲಿ ಥರ್ಮಾಮೀಟರ್ ಏಕೆ ಇಡುತ್ತಿದ್ದರು ಎಂದು ಹತ್ತನೇ ತರಗತಿಯ ಮಕ್ಕಳಿಗೆ ಲೆಕ್ಕ ಕೊಡುತ್ತಿದ್ದೆ. ಉಕ್ಕು ಬಿಸಿಲಿಗೆ ಹಿಗ್ಗುತ್ತದೆ. ಏಳು ಮೈಲಿಯ ಅಳತೆಯಲ್ಲಿ ಉಷ್ಣತೆಯನ್ನು ಒಂದೇ ಒಂದು ಫ್ಯಾರನ್‌ಹೀಟ್ ಡಿಗ್ರಿ ತಪ್ಪಾಗಿ ಓದಿದರೂ ಒಟ್ಟು ಉದ್ದದಲ್ಲಿ ಸುಮಾರು ಮೂರು ಇಂಚು ವ್ಯತ್ಯಾಸ ಬರುತ್ತದೆ. ಮಾಡಿ ನೋಡಬಹುದು.

ಕೋನ ಅಳೆಯುವ ಮಹಾಯಂತ್ರ ಬಂದದ್ದು ಆಮೇಲೆ. ಲಂಡನ್ನಿನ ವಿಲಿಯಂ ಕೇರಿ ಮಾಡಿದ ಥಿಯೊಡೊಲೈಟ್ ಅದು, ಅಡ್ಡಲಾಗಿ ಕೂತ ವೃತ್ತದ ಅಗಲ 36 ಇಂಚು, ತೂಕ ಅರ್ಧ ಟನ್ನಿನಷ್ಟು. ಹಡಗಿನಲ್ಲಿ ಬರುತ್ತಿದ್ದಾಗ ಅದನ್ನು ಫ್ರೆಂಚರು ಹಿಡಿದು ಮಾರಿಷಸ್ಸಿಗೆ ಒಯ್ದರು. ಒಳಗಿರುವುದು ವಿಜ್ಞಾನದ ಉಪಕರಣ ಎಂದು ತಿಳಿದಾಗ ಅಲ್ಲಿನ ಫ್ರೆಂಚ್ ಗವರ್ನರ್ ಅದನ್ನು ಗೌರವದಿಂದ ಮದ್ರಾಸಿಗೆ ಕಳುಹಿಸಿಕೊಟ್ಟ. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ಇನ್ನೊಂದು ಆಧಾರರೇಖೆ ಅಳೆದು ಲ್ಯಾಂಬ್ಟನ್ ಪಶ್ಚಿಮಕ್ಕೆ ಹೊರಟರು.

ಇಲ್ಲಿ ಸ್ವಲ್ಪ ನಿಂತು ಆ ಯಂತ್ರದ ಕಣ್ಣಿನ ಬಗ್ಗೆ ಹೇಳಬೇಕು. ನನ್ನ ಮಬ್ಬು ಚಂದ್ರನ ಗುಟ್ಟು ಇರುವುದೂ ಇಲ್ಲಿಯೇ.

ದುರ್ಬೀನಿನ ಮುಂದಿನ ಮಸೂರ, ಅಥವಾ ನಮ್ಮ ಶಾಲೆಯದರಂತೆ ಕನ್ನಡಿ, ದೂರದ ವಸ್ತುವಿನ ಸಣ್ಣ ಬಿಂಬವೊಂದನ್ನು ಕೊಳವೆಯೊಳಗೆ ಮೂಡಿಸುತ್ತದೆ. ಆ ಬಿಂಬವನ್ನು ಹತ್ತಿರದಿಂದ ದೊಡ್ಡದು ಮಾಡಿ ನೋಡುವ ಭೂತಗನ್ನಡಿಯೇ ಐಪೀಸ್. ಗೆಲಿಲಿಯೊ ಬಳಸಿದ್ದು ತಗ್ಗು ಮಸೂರ. ಅದರಲ್ಲಿ ವಸ್ತು ನೆಟ್ಟಗೆ ಕಾಣುತ್ತದೆ, ಆದರೆ ಬಿಂಬ ಮೂಡುವ ಮೊದಲೇ ಕಿರಣಗಳನ್ನು ಹಿಡಿದುಬಿಡುವುದರಿಂದ ಒಳಗೆ ಗುರುತಿನ ಎಳೆ ಕಟ್ಟಲು ಜಾಗವೇ ಇಲ್ಲ. ನೋಡಲು ಸರಿ, ಅಳೆಯಲು ಬಾರದು. ಕೆಪ್ಲರ್ ಸೂಚಿಸಿದ ಉಬ್ಬು ಮಸೂರದಲ್ಲಿ ಬಿಂಬ ತಲೆಕೆಳಗು, ಆದರೆ ಅದು ಗಾಳಿಯಲ್ಲಿ ನಿಜವಾಗಿ ನಿಲ್ಲುತ್ತದೆ. ಅದು ನಿಂತ ಜಾಗದಲ್ಲೇ ಸೂಕ್ಷ್ಮವಾದ ಅಡ್ಡ ಎಳೆ ಕಟ್ಟಿದರೆ ಬೆಟ್ಟದ ತುದಿಯ ಬಾವುಟವನ್ನು ಕೂದಲೆಳೆಯಷ್ಟು ಕರಾರುವಾಕ್ಕಾಗಿ ಹಿಡಿಯಬಹುದು.

ಒಂಟಿ ಮಸೂರದಲ್ಲಿ ಅಂಚಿಗೆ ಬಣ್ಣ ಒಡೆಯುತ್ತದೆ. ಆದ್ದರಿಂದ ಡಚ್ ವಿಜ್ಞಾನಿ ಹೈಗೆನ್ಸ್ ಎರಡು ಮಸೂರ ಜೋಡಿಸಿದ. ಅವನ ಜೋಡಣೆಯಲ್ಲಿ ಬಿಂಬ ಎರಡು ಮಸೂರಗಳ ನಡುವೆ ಬೀಳುತ್ತದೆ. ಆಕಾಶ ನೋಡುವವರಿಗೆ ಇದರಿಂದ ತೊಂದರೆಯಿಲ್ಲ. ಎಳೆ ಕಟ್ಟಿ ಅಳೆಯುವವರಿಗೆ ಇದು ಒಗ್ಗದು, ಏಕೆಂದರೆ ಎಳೆಯನ್ನು ದೊಡ್ಡದು ಮಾಡುವುದು ಒಂದೇ ಮಸೂರ, ಬಿಂಬವನ್ನು ಎರಡೂ ಸೇರಿ. ರಾಮ್ಸ್‌ಡೆನ್ ಮಾಡಿದ ಬದಲಾವಣೆ ನೋಡಲು ಚಿಕ್ಕದು. ಒಂದು ಬದಿ ಚಪ್ಪಟೆಯಾದ, ಸಮಾನ ಸಂಗಮದೂರದ ಎರಡು ಮಸೂರಗಳ ಉಬ್ಬುಗಳನ್ನು ಒಂದಕ್ಕೊಂದು ಎದುರಾಗಿ ಕೂರಿಸಿದ. ಬಿಂಬ ಎರಡೂ ಮಸೂರಗಳ ಮುಂದೆ, ಹೊರಗೆ ಬಂತು. ಎಳೆಯನ್ನೂ ಬಿಂಬವನ್ನೂ ಒಂದೇ ಜಾಗದಲ್ಲಿಟ್ಟು ಒಂದೇ ಐಪೀಸಿನಿಂದ ನೋಡುವಂತಾಯಿತು. ಉಡುಪಿ, ಮಣಿಪಾಲ, ಕಾರ್ಕಳದ ಕಾಲೇಜುಗಳಲ್ಲಿ ಭೌತಶಾಸ್ತ್ರ ಓದಿದ ನಮ್ಮ ಹಳೆ ವಿದ್ಯಾರ್ಥಿಗಳು ಪ್ರಯೋಗಾಲಯದ ಸ್ಪೆಕ್ಟ್ರೋಮೀಟರಿನಲ್ಲಿ ಕಣ್ಣಿಟ್ಟದ್ದು ಇದೇ ರಾಮ್ಸ್‌ಡೆನ್ ಐಪೀಸಿನಲ್ಲಿ. ಮೊದಲು ಎಳೆ ಸ್ಪಷ್ಟವಾಗುವಂತೆ ಐಪೀಸನ್ನು ಸರಿಪಡಿಸು, ಆಮೇಲೆ ವಸ್ತುವಿಗೆ ದುರ್ಬೀನನ್ನು ಸರಿಪಡಿಸು, ಕಣ್ಣನ್ನು ಅತ್ತಿತ್ತ ಆಡಿಸಿದಾಗ ಎಳೆ ಬಿಂಬದ ಮೇಲೆ ಜಾರಬಾರದು ಎಂದು ಅಲ್ಲಿ ಕಲಿಸುತ್ತಾರಲ್ಲ, ಸರ್ವೆಯವರ ನಿಯಮವೂ ಅದೇ. 30 ಮೈಲಿ ದೂರದ ಬೆಟ್ಟದಲ್ಲಿ ಒಂದು ಸೆಕೆಂಡ್ ಕೋನವೆಂದರೆ ಸುಮಾರು 9 ಇಂಚು. ಎಳೆ ಜಾರಿದರೆ ಊರೇ ಜಾರಿದಂತೆ.

ರಾಮ್ಸ್‌ಡೆನ್ ದೊಡ್ಡ ಕೆಲಸಗಾರ, ಆದರೆ ಹೇಳಿದ ಹೊತ್ತಿಗೆ ಕೆಲಸ ಕೊಟ್ಟವನಲ್ಲ. ಅರಮನೆಗೆ ಬರಹೇಳಿದ ದಿನ, ಹೇಳಿದ ಗಂಟೆಗೆ ಸರಿಯಾಗಿ ಹಾಜರಾದನಂತೆ, ಆದರೆ ಒಂದು ವರ್ಷ ತಡವಾಗಿ. ಅವನು ತೀರಿಕೊಂಡದ್ದು 1800ರ ನವೆಂಬರ್ 5ರಂದು, ಅವನ ಸರಪಳಿ ಬೆಂಗಳೂರಿನ ಮಣ್ಣು ಕಂಡ ವರ್ಷವೇ.

ಇಂಥ ದುರ್ಬೀನಿನಲ್ಲಿ ಜನ ತಲೆಕೆಳಗಾಗಿ ಕಾಣುವುದರಿಂದ ಸರ್ವೆಯವರಿಗೆ ಹಳ್ಳಿಗಳಲ್ಲಿ ಫಜೀತಿಯೂ ಆದದ್ದುಂಟು. ಎತ್ತರದಲ್ಲಿ ನಿಂತು ಮನೆಯಂಗಳದ ಹೆಂಗಸರನ್ನು ತಲೆಕೆಳಗು ಮಾಡಿ ನೋಡುತ್ತಾರೆ ಎಂದು ಕೆಲವೆಡೆ ಜನ ಸಿಟ್ಟಾಗುತ್ತಿದ್ದರು. ಇನ್ನೊಂದು ಮಸೂರ ಸೇರಿಸಿ ನೆಟ್ಟಗೆ ಮಾಡಬಹುದು, ಆದರೆ ಮಸೂರ ಹೆಚ್ಚಿದಷ್ಟೂ ಬೆಳಕು ಸೋರುತ್ತದೆ. ಅಳೆಯುವವನಿಗೆ ಬಾವುಟ ನೆಟ್ಟಗಿದ್ದರೇನು, ತಲೆಕೆಳಗಾದರೇನು.

1804ರಲ್ಲಿ ಬೆಂಗಳೂರಿನ ಹತ್ತಿರ ಮತ್ತೊಮ್ಮೆ ಆಧಾರರೇಖೆ ಅಳೆದರು. ಈ ಸಲದ್ದು ಪರೀಕ್ಷೆ. ಮದ್ರಾಸಿನ ಗೆರೆಯಿಂದ ತ್ರಿಕೋನಗಳ ಮೂಲಕ ಲೆಕ್ಕ ಹಾಕಿಕೊಂಡು ಬಂದ ಉದ್ದಕ್ಕೂ, ಬೆಂಗಳೂರಿನ ನೆಲದ ಮೇಲೆ ಸರಪಳಿಯಿಂದ ಅಳೆದ ಉದ್ದಕ್ಕೂ ಬಂದ ವ್ಯತ್ಯಾಸ 3.7 ಇಂಚು. ಇನ್ನೂರು ಮೈಲಿಯ ಬೆಟ್ಟಗುಡ್ಡ ದಾಟಿ ಬಂದ ಲೆಕ್ಕ ಗೇಣಿನ ಅರ್ಧಕ್ಕೂ ಕಡಿಮೆ ತಪ್ಪಿತ್ತು. ಲ್ಯಾಂಬ್ಟನ್ ಬೆಂಗಳೂರಿನ ದೊಡ್ಡಗುಂಟದಲ್ಲಿ ನೆಲೆ ಮಾಡಿ, ಚೀನಾದಿಂದ ಮರಳಿದ ರಾಮ್ಸ್‌ಡೆನ್ನನ ಉಪಕರಣದಿಂದ ನಕ್ಷತ್ರಗಳನ್ನು ನೋಡಿ ಆ ಸ್ಥಳದ ಅಕ್ಷಾಂಶವನ್ನೂ ಗೊತ್ತುಮಾಡಿದರು.

ಅಲ್ಲಿಂದ ತ್ರಿಕೋನಗಳು ಮಲೆನಾಡಿಗೆ ಬಂದವು. ಮೂಡಿಗೆರೆ ಸೀಮೆಯ ಬಲ್ಲಾಳರಾಯನದುರ್ಗ ಅವರ ಮುಖ್ಯ ನಿಲ್ದಾಣಗಳಲ್ಲಿ ಒಂದು. ಚಾರ್ಮಾಡಿಯ ಮೇಲಿನ ಆ ದುರ್ಗಕ್ಕೆ ಚಾರಣ ಹೋದ ನಮ್ಮ ಹುಡುಗರಿಗೆ ಗೊತ್ತು, ಬರಿಗೈಯಲ್ಲಿ ಹತ್ತಿದರೂ ಏದುಸಿರು ಬರುತ್ತದೆ. ಅಂಥ ಎತ್ತರಗಳಿಗೆ ಅರ್ಧ ಟನ್ ಯಂತ್ರವನ್ನು, ಅದೂ ಕುಲುಕದಂತೆ ಹೊತ್ತವರು ಕೂಲಿಯಾಳುಗಳು. ಮಳೆಯಲ್ಲಿ, ಜಿಗಣೆಗಳ ನಡುವೆ ಬಾವುಟ ಹಿಡಿದು ದಿನಗಟ್ಟಲೆ ಬೆಟ್ಟದ ತುದಿಯಲ್ಲಿ ಕಾದವರೂ ಅವರೇ. ಅವರ ಹೆಸರು ವರದಿಗಳಲ್ಲಿ ಇಲ್ಲ. ಲ್ಯಾಂಬ್ಟನ್ನರನ್ನು ಹೊಗಳುವಾಗ ಇದು ನನ್ನ ಗಂಟಲಿಗೆ ಮುಳ್ಳಿನಂತೆ ಸಿಕ್ಕುತ್ತದೆ.

ಕೊನೆಗೆ ಸರಪಳಿ ಮಂಗಳೂರಿನ ತೀರ ಮುಟ್ಟಿತು. ಕಡಲಿನಿಂದ ಕಡಲಿಗೆ ಕಟ್ಟಿದ ಈ ಲೆಕ್ಕದಿಂದ ಹೊರಬಿದ್ದ ಸಂಗತಿ ಎಲ್ಲರನ್ನೂ ಬೆರಗುಗೊಳಿಸಿತು. ಮದ್ರಾಸಿನಿಂದ ಮಂಗಳೂರಿಗೆ ಅಡ್ಡಗಲ 400 ಮೈಲಿ ಎಂದು ಆಗಿನ ನಕ್ಷೆಗಳು ಹೇಳುತ್ತಿದ್ದವು. ಲ್ಯಾಂಬ್ಟನ್ನರ ಅಳತೆಯಲ್ಲಿ ಬಂದದ್ದು 360. ನಕ್ಷೆಯಲ್ಲಿದ್ದ 40 ಮೈಲಿ ನೆಲ ನಿಜದಲ್ಲಿ ಇರಲೇ ಇಲ್ಲ. ಅಂದರೆ ನಮ್ಮ ಕರಾವಳಿ ಅದುವರೆಗೆ ಕಾಗದದ ಮೇಲೆ ಸಮುದ್ರದೊಳಗೆ ನಿಂತಿತ್ತು. ಮಳೆ ಬಿಟ್ಟ ಅಕ್ಟೋಬರಿನ ಬೆಳಿಗ್ಗೆ ಮಣಿಪಾಲದ ಗುಡ್ಡೆಯ ಅಂಚಿನಿಂದ ಮೂಡಣಕ್ಕೆ ನೋಡಿದರೆ ಘಟ್ಟದ ಸಾಲು ನೀಲಿ ಗೋಡೆಯಂತೆ ಕಾಣುತ್ತದೆ. ಕಾರ್ಕಳದ ಗೊಮ್ಮಟಬೆಟ್ಟದಿಂದ ಇನ್ನೂ ಹತ್ತಿರ. ಪಡುವಣಕ್ಕೆ ತಿರುಗಿದರೆ ಕಾಪು ದೀಪಸ್ತಂಭದ ಕಡೆಯ ಕಡಲು. ಆ ಗೋಡೆಗೂ ಈ ಕಡಲಿಗೂ ನಡುವೆ ಎಷ್ಟು ದೂರ ಎಂದು ಸರಿಯಾಗಿ ಹೇಳಲು ಸಾಧ್ಯವಾದದ್ದು ಇಂಥ ಅಳತೆಯ ನಂತರವೇ. ಅಂದಹಾಗೆ ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ, ಲ್ಯಾಂಬ್ಟನ್ ಅದನ್ನು ಕಂಡವರಲ್ಲ.

ಆಮೇಲೆ ಅವರು ದಕ್ಷಿಣಕ್ಕೆ ತಿರುಗಿದರು. 1808ರಲ್ಲಿ ತಂಜಾವೂರಿನ ಸೀಮೆಯಲ್ಲಿ ಬೆಟ್ಟಗಳಿಲ್ಲದೆ ದೇವಾಲಯಗಳ ಗೋಪುರಗಳನ್ನೇ ನಿಲ್ದಾಣ ಮಾಡಿಕೊಳ್ಳಬೇಕಾಯಿತು. ಬೃಹದೀಶ್ವರ ದೇವಾಲಯದ ಶಿಖರಕ್ಕೆ ಯಂತ್ರವನ್ನು ಹಗ್ಗದಲ್ಲಿ ಎಳೆಯುತ್ತಿದ್ದಾಗ ಒಂದು ಹಗ್ಗ ಹರಿದು ಯಂತ್ರ ಗೋಡೆಗೆ ಬಡಿಯಿತು. ವೃತ್ತ ಸೊಟ್ಟಗಾಯಿತು. ಇಂಗ್ಲೆಂಡಿಗೆ ಕಳುಹಿಸಿ ರಿಪೇರಿ ಮಾಡಿಸಲು ವರ್ಷಗಳೇ ಬೇಕು. ಲ್ಯಾಂಬ್ಟನ್ ಯಾರನ್ನೂ ಬೈಯಲಿಲ್ಲ. ಗುಡಾರದೊಳಗೆ ಸೇರಿ ಬಾಗಿಲು ಮುಚ್ಚಿಕೊಂಡರು. ಹಲಗೆಯ ಮೇಲೆ ವೃತ್ತದ ಸರಿಯಾದ ಆಕಾರ ಗುರುತಿಸಿ, ಬೆಣೆ, ತಿರುಪು, ರಾಟೆಗಳಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಎಳೆದು ಆರು ವಾರಗಳಲ್ಲಿ ಅದನ್ನು ಮತ್ತೆ ದುಂಡಗೆ ಮಾಡಿದರು. ಆಗ ಅವರಿಗೆ ವಯಸ್ಸು ಐವತ್ತು ದಾಟಿತ್ತು, ಒಂದು ಕಣ್ಣು ಮಂದ. ಅದೇ ಯಂತ್ರದಿಂದ ಮುಂದೆಯೂ ಕೆಲಸ ನಡೆಯಿತು. ಮುರಿದ ಉಪಕರಣವನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದ ನಾನು ಈ ಭಾಗ ಓದಿದ ರಾತ್ರಿ ಸರಿಯಾಗಿ ನಿದ್ದೆ ಮಾಡಲಿಲ್ಲ. ನಮ್ಮದಂತೂ ಮುರಿದಿರಲೂ ಇಲ್ಲ.

ಕನ್ಯಾಕುಮಾರಿಯ ಹತ್ತಿರದಿಂದ ಉತ್ತರಕ್ಕೆ ಅವರು ಎಳೆದ ತ್ರಿಕೋನಗಳ ಸಾಲು ಗುತ್ತಿ, ಬೀದರ್ ದಾಟಿ ಸಾಗಿತು. ಬೀದರಿನ ಹತ್ತಿರ 1815ರಲ್ಲಿ ಇನ್ನೊಂದು ಆಧಾರರೇಖೆ ಅಳೆದರು. 1817ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. 1818ರಲ್ಲಿ ಈ ಕೆಲಸಕ್ಕೆ ಮಹಾ ತ್ರಿಕೋನಮಿತಿ ಸರ್ವೆ ಎಂಬ ಹೆಸರು ಬಂತು, ಜಾರ್ಜ್ ಎವರೆಸ್ಟ್ ಎಂಬ ತರುಣ ಸಹಾಯಕನಾಗಿ ಸೇರಿದ. ಶಿಖರಕ್ಕೆ ಹೆಸರು ಕೊಟ್ಟ ಎವರೆಸ್ಟ್ ಇವನೇ. ಎವರೆಸ್ಟನ ಹೆಸರು ಪ್ರತಿ ಮಗುವಿಗೂ ಗೊತ್ತು, ಅವನಿಗೆ ದಾರಿ ಹಾಕಿದವನ ಹೆಸರು ಪಠ್ಯಪುಸ್ತಕದಲ್ಲಿ ಹುಡುಕಬೇಕು. ಎವರೆಸ್ಟನ ಕಾಲದಲ್ಲಿ ಕೆಟ್ಟ ಉಪಕರಣಗಳನ್ನು ಸರಿಪಡಿಸಿದ ಸೈಯದ್ ಮೀರ್ ಮೊಹ್ಸಿನ್ ಎಂಬ ನಮ್ಮ ದೇಶದ ಕುಶಲಿಯ ಹೆಸರಾದರೂ ಉಳಿದಿದೆ ಎಂಬುದು ಸಮಾಧಾನ.

ಎಪ್ಪತ್ತರ ಹತ್ತಿರದಲ್ಲಿ, ಎದೆಯ ಕಾಯಿಲೆಯಿಂದ ಕೆಮ್ಮುತ್ತಲೇ ಲ್ಯಾಂಬ್ಟನ್ ಹೈದರಾಬಾದಿನಿಂದ ನಾಗಪುರದ ಕಡೆಗೆ ಹೊರಟರು. ಗುರಿ ಮುಟ್ಟಲಿಲ್ಲ. 1823ರ ಜನವರಿ 20ರಂದು ವಾರ್ಧಾ ಬಳಿಯ ಹಿಂಗಣಘಾಟ್‌ನಲ್ಲಿ ಅವರ ಪ್ರಾಣ ಹೋಯಿತು. ಸಮಾಧಿಯೂ ಅಲ್ಲಿಯೇ. ಬೇರೆಯವರು ರಜೆಗೆ ಊರಿಗೆ ಹೋಗಿ ಬರುತ್ತಿದ್ದ ಕಾಲದಲ್ಲಿ ಅವರು ಕಳೆದ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹೆಚ್ಚಿನವು ಗುಡಾರದಲ್ಲೇ.

ಇನ್ನು ನಮ್ಮ ದುರ್ಬೀನು. ನಿವೃತ್ತಿಗೆ ಎರಡು ವರ್ಷ ಇರುವಾಗ ಅದನ್ನು ಹೊರತೆಗೆದು ಲೆಕ್ಕ ಹಾಕಿದೆ. ದುರ್ಬೀನಿನ ಸಂಗಮದೂರವನ್ನು ಐಪೀಸಿನ ಸಂಗಮದೂರದಿಂದ ಭಾಗಿಸಿದರೆ ಎಷ್ಟು ಪಟ್ಟು ಎಂಬುದು ಸಿಗುತ್ತದೆ. ನಾನು ಅಂದು ಹಾಕಿದ್ದ 6 ಮಿಲಿಮೀಟರಿನದು 150 ಪಟ್ಟು, ಬಾರ್ಲೋ ಸೇರಿ 450. ಕನ್ನಡಿಯ ಅಗಲದ ಪ್ರತಿ ಮಿಲಿಮೀಟರಿಗೆ ಎರಡು ಪಟ್ಟಿಗಿಂತ ಹೆಚ್ಚು ಹಿಗ್ಗಿಸಿದರೆ ಹೊಸ ವಿವರವೇನೂ ಕಾಣುವುದಿಲ್ಲ, ಮಬ್ಬು ಮಾತ್ರ ಹಿಗ್ಗುತ್ತದೆ. ನಮ್ಮದರ ಮಿತಿ 228. ಅದೂ ಗಾಳಿ ಅಲುಗದ ರಾತ್ರಿಗಳಲ್ಲಿ. ನಮ್ಮ ಕಡಲಿನ ತೇವದ ಗಾಳಿಯಲ್ಲಿ, ಹಗಲೆಲ್ಲ ಕಾದ ಅಂಗಳದ ಮೇಲೆ, ನೂರೈವತ್ತು ದಾಟಿದರೆ ಚಂದ್ರ ನೀರಿನಲ್ಲಿ ಬಿದ್ದ ನಾಣ್ಯದಂತೆ ಕುಣಿಯುತ್ತಾನೆ. ಬಿಸಿಲಿನ ಝಳ ಏಳದ ಹೊತ್ತು ನೋಡಿ ಸರ್ವೆಯವರು ಕೋನ ಅಳೆಯುತ್ತಿದ್ದದ್ದೂ ಇದೇ ಕಾರಣಕ್ಕೆ.

ಪೆಟ್ಟಿಗೆಯಲ್ಲಿದ್ದ ಐಪೀಸುಗಳ ಮೇಲೆ ಹೈಗೆನ್ಸನ ಗುರುತಿತ್ತು. ಅಗಲಕ್ಕಿಂತ ಹದಿನೈದು ಪಟ್ಟು ಉದ್ದದ ಸಂಗಮದೂರವಿರುವ ಹಳೆಯ ತೆಳು ಮಸೂರ ದುರ್ಬೀನಿಗೆ ಅವು ಸಾಕು. ಎಂಟು ಪಟ್ಟಿನ ನಮ್ಮದಕ್ಕೆ ಅಂಚು ಸ್ಪಷ್ಟವಾಗುವುದಿಲ್ಲ, ಐದು ಪಟ್ಟಿನ ಗಿಡ್ಡ ದುರ್ಬೀನಿಗಂತೂ ಕೂಡದು. ವಿಯೆನ್ನಾದ ಪ್ಲಾಸಲ್ 1860ರಲ್ಲಿ ಮಾಡಿದ ನಾಲ್ಕು ಮಸೂರದ ಐಪೀಸ್ ಇಂಥದಕ್ಕೆ ಒಗ್ಗುತ್ತದೆ. 25 ಮತ್ತು 10 ಮಿಲಿಮೀಟರಿನ ಎರಡು ತರಿಸಿದೆ, 36 ಮತ್ತು 90 ಪಟ್ಟು. ಮತ್ತೊಂದು ತೊಡಕು ಎದುರಾಯಿತು. ಹಳೆಯ ದುರ್ಬೀನಿನ ಬಾಯಿ 24.5 ಮಿಲಿಮೀಟರ್, ಹೊಸ ಐಪೀಸಿನ ಕೊಳವೆ 31.7. ನಡುವೆ ಒಂದು ಹಿತ್ತಾಳೆಯ ಬಳೆ ಬೇಕು. ನಮ್ಮಲ್ಲೇ ಓದಿ ಈಗ ಲೇತ್ ಯಂತ್ರ ಇಟ್ಟುಕೊಂಡಿರುವ ಹುಡುಗನೊಬ್ಬ ಅದನ್ನು ಒಂದು ಮಧ್ಯಾಹ್ನದಲ್ಲಿ ಕಡೆದುಕೊಟ್ಟ, ಹಣ ತೆಗೆದುಕೊಳ್ಳಲಿಲ್ಲ. ಸರ್, ಹಿಂದೆ ಕಂಡದ್ದು ಚಂದ್ರನೋ ಬೂದಿಯೋ ಎಂದು ಮಾತ್ರ ಕೇಳಿದ. ಆ ಸಾಲಿನಲ್ಲಿ ಅವನೂ ಇದ್ದನಂತೆ.

ಮಹೋತ್ಸವದ ಸಂಜೆ ಆಕಾಶ ಒಪ್ಪಿದರೆ ದುರ್ಬೀನನ್ನು ಧ್ವಜಸ್ತಂಭದ ಪಕ್ಕದ ಹುಲ್ಲಿನ ಮೇಲೆ ಇಡುತ್ತೇವೆ, ಸಿಮೆಂಟಿನ ಮೇಲಲ್ಲ. ಮೊದಲು 25ರ ಐಪೀಸ್. ಕನ್ನಡಕ ಹಾಕಿಕೊಳ್ಳುವವರು ತೆಗೆದು ನೋಡಬಹುದು, ಬದಿಯ ತಿರುಪು ತಿರುಗಿಸಿ ತಮ್ಮ ಕಣ್ಣಿಗೆ ಸರಿಮಾಡಿಕೊಳ್ಳಬಹುದು. ಕೊಳವೆಗೆ ಕೈ ತಾಗಿಸದಿದ್ದರೆ ಹಿಂದಿನವರಿಗೂ ಸಿಗುತ್ತದೆ. ಚಂದ್ರ ತಲೆಕೆಳಗಾಗಿ ಕಾಣುತ್ತಾನೆ, ಗಾಬರಿಯಾಗುವುದು ಬೇಡ.